ಮೋಡದ ಕೆಲಸಕ್ಕೆ ತೋಟ ಅಡವಿಡಬೇಕೇ?

ಕಳೆದ ಆಷಾಢದ ಒಂದು ಮಧ್ಯಾಹ್ನ. ಎರಡನೆಯ ಸಲದ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಎರಡು ದಿನವಾದರೂ ಹೊಳವು ಕೊಟ್ಟೀತೇ ಎಂದು ಊರಿಗೆ ಊರೇ ಆಕಾಶ ನೋಡುತ್ತಿದ್ದ ಹೊತ್ತು. ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು ಹೆಮ್ಮಾಡಿ ಪೇಟೆಯಲ್ಲಿ ಬಸ್ಸಿಳಿದು ಕಛೇರಿಗೆ ಬಂದರು. ಕೊಡೆ ಮಡಚಿ, ನೀರು ಸೋರುವ ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲಿಟ್ಟರು. ಚೀಲದೊಳಗೆ ಪಹಣಿ, ತೀರ್ವೆ ರಶೀದಿ ಮತ್ತು ನಾಲ್ಕು ಬಣ್ಣದಲ್ಲಿ ಅಚ್ಚಾದ ಒಂದು ಕರಪತ್ರ. ಅವರಿಗಿರುವುದು ಒಂದು ಎಕರೆ ಇಪ್ಪತ್ತು ಸೆಂಟ್ಸ್ ಅಡಿಕೆ ತೋಟ, ಬದಿಯಲ್ಲಿ ನಾಲ್ಕಾರು ತೆಂಗು, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಅಷ್ಟನ್ನೂ ಅಡವಿಟ್ಟು ಮೂರು ಲಕ್ಷ ರೂಪಾಯಿ ಸಾಲ ಬೇಕೆಂದರು. ಬಿ.ಸಿ.ಎ. ಮುಗಿಸಿದ ಮಗಳನ್ನು ಬೆಂಗಳೂರಿನ ಒಂದು ತರಬೇತಿ ಸಂಸ್ಥೆಗೆ ಸೇರಿಸುವುದಕ್ಕೆ. ಆರು ತಿಂಗಳ ತರಬೇತಿ, ಮುಗಿದೊಡನೆ ಕ್ಲೌಡ್ ಎಂಜಿನಿಯರ್ ಕೆಲಸ ಖಾತ್ರಿ ಎಂದು ಕರಪತ್ರ ಹೇಳುತ್ತಿತ್ತು.

"ಹ್ವಾಯ್ ಸೆಕ್ರೆಟ್ರಿಯವ್ರೆ, ಈ ಮೋಡದ ಎಂಜಿನಿಯರ್ ಅಂದ್ರೆ ಎಂತ ಮಾರಾಯ್ರೆ? ಮಳಿ ಬರ್ಸುದಾ, ನಿಲ್ಸುದಾ? ನಿಲ್ಸುದಾರೆ ಮೊದ್ಲ್ ನಮ್ಮ ತೋಟದ ಮೇಲೆ ನಿಲ್ಸುಕೆ ಹೇಳಿ" ಎಂದು ಅವರೇ ನಕ್ಕರು. ನಾವೂ ನಕ್ಕೆವು. ಆದರೆ ಸಾಲದ ಅರ್ಜಿ ನೋಡಿದಾಗ ನಗು ಬರಲಿಲ್ಲ. ಎಂಟು ದಿನ ಅವಕಾಶ ಕೊಡಿ, ವಿಚಾರಿಸಿ ಹೇಳುತ್ತೇವೆ ಎಂದೆವು. ಆ ಎಂಟು ದಿನ ಎಂಟು ತಿಂಗಳಾಗಿ ಬೆಳೆದು ನಮಗೆ ತಿಳಿದುಬಂದ ಸಂಗತಿಗಳನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ. ಯಾಕೆಂದರೆ ಇದೇ ಬಗೆಯ ಕರಪತ್ರ ಹಿಡಿದು ಆಮೇಲೆ ಇನ್ನೂ ಮೂವರು ಬಂದಿದ್ದಾರೆ.

ಮೋಡ ಎಂಬುದು ನೆಲದ ಮೇಲೇ ಇದೆ

ಹೆಸರು ಮೋಡವಾದರೂ ಇದರಲ್ಲಿ ಆಕಾಶದ ಸಂಗತಿ ಏನೂ ಇಲ್ಲ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಕಪಾಟುಗಳಂತೆ ಸಾಲಾಗಿ ಜೋಡಿಸಿದ ಸಾವಿರಾರು ಕಂಪ್ಯೂಟರುಗಳಿರುತ್ತವೆ. ಇವಕ್ಕೆ ಸರ್ವರ್ ಎನ್ನುತ್ತಾರೆ, ಕಟ್ಟಡಕ್ಕೆ ಡೇಟಾ ಸೆಂಟರ್ ಎನ್ನುತ್ತಾರೆ. ಹಗಲಿರುಳು ವಿದ್ಯುತ್ತು, ಅವು ಕಾಯದಂತೆ ತಂಪು ಮಾಡುವ ವ್ಯವಸ್ಥೆ, ಕಾವಲು, ಜನರೇಟರು ಎಲ್ಲವೂ ಅಲ್ಲಿವೆ. ಕಂಪೆನಿಗಳು, ಬ್ಯಾಂಕುಗಳು, ಸರಕಾರದ ಇಲಾಖೆಗಳು ತಮ್ಮದೇ ಕಂಪ್ಯೂಟರ್ ಕೊಳ್ಳುವ ಬದಲು ಇಲ್ಲಿಯ ಕಂಪ್ಯೂಟರನ್ನು ಇಂಟರ್‌ನೆಟ್ ಮೂಲಕ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತವೆ. ಒಂದು ದೊಡ್ಡ ಯಂತ್ರವನ್ನೇ, ಒಂದು ಗದ್ದೆಗೆ ಅಂಚು ಕಟ್ಟಿ ನಾಲ್ಕು ಮಾಡಿದ ಹಾಗೆ, ಒಳಗೊಳಗೇ ಪಾಲು ಮಾಡಿ ಹತ್ತಾರು ಮಂದಿಗೆ ಕೊಡುವುದೂ ಉಂಟು. ಒಬ್ಬರ ನೀರು ಇನ್ನೊಬ್ಬರ ಗದ್ದೆಗೆ ಹೋಗದಂತೆ ನೋಡಿಕೊಳ್ಳುವುದೇ ಅಲ್ಲಿಯ ಜಾಣ್ಮೆ.

ಘಟ್ಟದ ಮೇಲಿನ ಕಾಫಿ ಸದಸ್ಯರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಫೆಬ್ರವರಿ–ಮಾರ್ಚಿಯಲ್ಲಿ ಹೂ ಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ತುಂತುರು ನೀರಾವರಿ ಕೊಡಲೇಬೇಕು. ಅದಕ್ಕೆ ಬೇಕಾದ ದೊಡ್ಡ ಪಂಪು, ಪೈಪುಗಳೆಲ್ಲ ಕೆಲಸಕ್ಕೆ ಬರುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ದಿನ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತವೆ. ಸಣ್ಣ ಬೆಳೆಗಾರ ಅಷ್ಟಕ್ಕಾಗಿ ಬಂಡವಾಳ ಹೂಡುವುದಿಲ್ಲ, ಬಾಡಿಗೆಗೆ ತರುತ್ತಾನೆ. ಪರೀಕ್ಷಾ ಫಲಿತಾಂಶ ಪ್ರಕಟಿಸುವವರ ಪಾಡೂ ಇದೇ. ವರ್ಷದಲ್ಲಿ ಒಂದು ದಿನ ಲಕ್ಷಾಂತರ ಮಕ್ಕಳು ಒಂದೇ ಗಂಟೆಯಲ್ಲಿ ಮುಗಿಬೀಳುತ್ತಾರೆ, ಮರುದಿನ ಕೇಳುವವರಿಲ್ಲ. ಅಂಥ ದಿನಕ್ಕೆ ನೂರು ಯಂತ್ರ ಬಾಡಿಗೆಗೆ ಹಿಡಿದು ಸಂಜೆ ಬಿಟ್ಟುಕೊಡುವ ಅನುಕೂಲವೇ ಕ್ಲೌಡ್.

ಇದನ್ನು ದೊಡ್ಡ ವ್ಯಾಪಾರವಾಗಿ ಶುರುಮಾಡಿದ್ದು ಅಮೇರಿಕದ ಅಮೆಜಾನ್ ಕಂಪೆನಿ. 2006ರ ಮಾರ್ಚಿಯಲ್ಲಿ ಮಾಹಿತಿ ಇರಿಸುವ ಉಗ್ರಾಣವನ್ನೂ, ಅದೇ ವರ್ಷದ ಆಗಸ್ಟಿನಲ್ಲಿ ಬಾಡಿಗೆ ಕಂಪ್ಯೂಟರನ್ನೂ ಅದು ತೆರೆಯಿತು. ಆಗಿನ ದರ ಒಂದು ಗಂಟೆಗೆ ಹತ್ತು ಸೆಂಟ್, ಎಂದರೆ ಅಂದಿನ ನಮ್ಮ ನಾಲ್ಕೂವರೆ ರೂಪಾಯಿಯ ಆಸುಪಾಸು. ಮೈಕ್ರೋಸಾಫ್ಟ್ ಕಂಪೆನಿಯ ಅಜೂರ್ 2010ರಲ್ಲಿ ಬಂತು, ಗೂಗಲ್ಲೂ ಸೇರಿಕೊಂಡಿತು. ಭಾರತದಲ್ಲಿ ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ. ನಮ್ಮ ದೇಶದ ಹಣ ಪಾವತಿಯ ಮಾಹಿತಿ ದೇಶದೊಳಗೇ ಇರಬೇಕೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಆಜ್ಞೆ ಹೊರಡಿಸಿದ ಮೇಲೆ ಇಲ್ಲಿಯ ಕೇಂದ್ರಗಳಿಗೆ ಬೇಡಿಕೆ ಇನ್ನಷ್ಟು ಏರಿತು. ಕೇಂದ್ರ ಸರಕಾರ ತನ್ನ ಇಲಾಖೆಗಳಿಗಾಗಿ 2014ರಲ್ಲಿ ತೆರೆದ ಕ್ಲೌಡಿಗೆ ಇಟ್ಟ ಹೆಸರು ಮೇಘರಾಜ್. ಹೆಸರಿಡುವ ವಿಷಯದಲ್ಲಿ ನಮ್ಮವರು ಯಾರಿಗೂ ಕಡಿಮೆಯಲ್ಲ.

ಇದು ಪಟ್ಟಣದವರ ಸಂಗತಿ, ನಮಗೇನು ಎನ್ನುವ ಹಾಗಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. 63,000 ಸಂಘಗಳು, 2,516 ಕೋಟಿ ರೂಪಾಯಿ, ಮತ್ತು ದೇಶಕ್ಕೆಲ್ಲ ಒಂದೇ ತಂತ್ರಾಂಶ. ಅದು ನಿಂತಿರುವುದು ಕ್ಲೌಡಿನ ಮೇಲೆ. ನಮ್ಮ ಬೆಳೆಸಾಲದ ಲೆಕ್ಕ ಇನ್ನು ಸಂಘದ ಕಪಾಟಿನಲ್ಲಿಲ್ಲ, ಎಲ್ಲೋ ದೂರದ ಸರ್ವರಿನಲ್ಲಿದೆ ಎಂದಾಯಿತು. ಅದನ್ನು ಕಾಯುವವರು ಯಾರೋ ಇರಲೇಬೇಕಲ್ಲ.

ನಮಗೇ ಬಿದ್ದ ಪೆಟ್ಟು

ಈ ಕಾಯುವಿಕೆಯ ಬೆಲೆ ನಮಗೆ ತಿಳಿದದ್ದು ಪುಸ್ತಕದಿಂದಲ್ಲ. 2019ರ ಏಪ್ರಿಲ್ ಕೊನೆಯ ವಾರ, ಸಂಜೆಯ ಗುಡುಗು ಮಳೆಗೆ ಸಂಘದ ಕಛೇರಿಗೆ ಸಿಡಿಲು ಬಡಿಯಿತು. ಕಂಪ್ಯೂಟರ್ ಸುಟ್ಟಿತು. ದಿನವೂ ಪ್ರತಿ ತೆಗೆದಿಡುವ ಏರ್ಪಾಟು ಮಾಡಿದ್ದೇವೆ, ಏನಾದರೂ ಚಿಂತೆಯಿಲ್ಲ ಎಂದು ತಂತ್ರಾಂಶ ಕೊಟ್ಟವರು ಭರವಸೆ ಕೊಟ್ಟಿದ್ದರು. ಪ್ರತಿ ಇದ್ದದ್ದು ನಿಜ. ಅದು ಅದೇ ಮೇಜಿನ ಮೇಲೆ, ಅದೇ ಕಂಪ್ಯೂಟರಿಗೆ ಸಿಕ್ಕಿಸಿದ ಇನ್ನೊಂದು ಪೆಟ್ಟಿಗೆಯಲ್ಲಿತ್ತು. ಎರಡೂ ಒಟ್ಟಿಗೇ ಹೋದವು. ಆರು ತಿಂಗಳ ತೂಕದ ಚೀಟಿ, ಸದಸ್ಯರ ಜಮಾ ಖರ್ಚು ಎಲ್ಲವನ್ನೂ ಇಬ್ಬರು ಗುಮಾಸ್ತರು ಮೂರು ವಾರ ಕೂತು ಕಾಗದದ ರಶೀದಿ ನೋಡಿ ಮರಳಿ ಬರೆದರು. ರಶೀದಿ ಕಳಕೊಂಡಿದ್ದ ಸದಸ್ಯರ ಲೆಕ್ಕ ಅವರ ಬಾಯಿಮಾತಿನ ಮೇಲೆ ನಡೆಯಿತು. ಒಬ್ಬರಾದರೂ ಹೆಚ್ಚು ಹೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುವುದು ನಮ್ಮ ಕರ್ತವ್ಯ. ಇಬ್ಬರು ಕಡಿಮೆಯೇ ಹೇಳಿದ್ದರು, ಅದು ಆಮೇಲೆ ಗೊತ್ತಾಯಿತು.

ಆ ಸಲದ ದೀಪಾವಳಿಗೆ ಊರಿಗೆ ಬಂದಿದ್ದ ಸದಸ್ಯರೊಬ್ಬರ ಮಗ ಸಂಗತಿ ಕೇಳಿ ಕಛೇರಿಗೆ ಬಂದ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ, ಆಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ, ಅಲ್ಲಿಂದ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶ, ಈಗ ಬೆಂಗಳೂರಿನಲ್ಲಿ ಇದೇ ಕ್ಲೌಡ್ ಕೆಲಸ. "ಪ್ರತಿ ಮೂರು ಇರಬೇಕು, ಎರಡು ಬಗೆಯ ಸಾಧನದಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು. ನಮ್ಮ ಕಸುಬಿನ ಮೊದಲ ಪಾಠ ಇದು" ಎಂದ. ದಿನವೂ ರಾತ್ರಿ ಸಂಘದ ಲೆಕ್ಕದ ಒಂದು ಪ್ರತಿ ಮುಂಬಯಿಯ ಡೇಟಾ ಸೆಂಟರಿಗೆ ಹೋಗಿ ಕೂರುವಂತೆ ಮಾಡಿಕೊಟ್ಟ. ಅದಕ್ಕೆ ನಮಗೆ ತಗಲುವ ತಿಂಗಳ ಬಾಡಿಗೆ, ಕಛೇರಿಗೆ ಬಂದವರಿಗೆ ಕೊಡುವ ಚಹಾದ ಖರ್ಚಿಗಿಂತ ಕಡಿಮೆ. ಬೇರೆ ಊರಿನಲ್ಲಿ ಪ್ರತಿ ಯಾಕೆಂದು ಕೇಳಿದವರಿಗೆ ಈಗ ಇನ್ನೊಂದು ಉದಾಹರಣೆಯನ್ನೂ ಹೇಳುತ್ತೇವೆ. 2021ರ ಮಾರ್ಚ್ 10ರಂದು ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗಿನಲ್ಲಿ ಒಂದು ದೊಡ್ಡ ಡೇಟಾ ಸೆಂಟರ್ ಬೆಂಕಿಗೆ ಸುಟ್ಟುಹೋಯಿತು. ಬೇರೆಡೆ ಪ್ರತಿ ಇಡದವರ ಮಾಹಿತಿ ಬೂದಿಯಾಯಿತು. ಕೋಟಿಗಟ್ಟಲೆ ಬಂಡವಾಳದವರೂ ನಮ್ಮಂತೆಯೇ ಒಂದೇ ಮೇಜಿನ ಮೇಲೆ ಎರಡೂ ಪೆಟ್ಟಿಗೆ ಇಡುತ್ತಾರೆಂದು ತಿಳಿದು ನಮಗೆ ಸ್ವಲ್ಪ ಸಮಾಧಾನವಾಯಿತು!

ಹಾಗಾದರೆ ಈ ಎಂಜಿನಿಯರ್ ದಿನವೆಲ್ಲ ಮಾಡುವುದೇನು? ಕಂಪೆನಿಗೆ ಎಷ್ಟು ಯಂತ್ರ ಬೇಕು, ಎಂಥದ್ದು ಬೇಕು ಎಂದು ಲೆಕ್ಕ ಹಾಕುವುದು. ಅವುಗಳ ನಡುವೆ ಮಾಹಿತಿ ಹರಿಯುವ ದಾರಿ ಮಾಡುವುದು. ಯಾರು ಒಳಗೆ ಬರಬಹುದು, ಯಾರು ಬರಬಾರದು ಎಂದು ಬೇಲಿ ಹಾಕುವುದು. ಬೇಡವಾದ ಯಂತ್ರ ಆರಿಸಿ ಬಿಲ್ಲು ಏರದಂತೆ ನೋಡುವುದು. ಮತ್ತು ಕೆಟ್ಟಾಗ ಎದ್ದು ಕೂರುವುದು. ಆ ಹುಡುಗನ ಪ್ರಕಾರ ಕೊನೆಯದೇ ಮುಖ್ಯ. ಸರದಿಯ ಮೇಲೆ ವಾರಗಟ್ಟಲೆ ಪಾಳಿ ಇರುತ್ತದೆ. ರಾತ್ರಿ ಎರಡು ಗಂಟೆಗೆ ಫೋನು ಕೂಗಿದರೆ ಐದು ನಿಮಿಷದಲ್ಲಿ ಕಂಪ್ಯೂಟರಿನ ಮುಂದೆ ಇರಬೇಕು. ಒಂದು ವರ್ಷ ಮಾರಣಕಟ್ಟೆ ಜಾತ್ರೆಗೆ ಬಂದಾಗಲೂ ಅವನ ಬೆನ್ನಮೇಲೆ ಕಂಪ್ಯೂಟರಿನ ಚೀಲ ಇತ್ತು. ನಮ್ಮೂರ ಸೇವಂತಿಗೆಯ ರಾಶಿಯ ಪಕ್ಕ ಜಗಲಿಯ ಮೇಲೆ ಕೂತು ಯಾವುದೋ ದೇಶದ ಅಂಗಡಿಯೊಂದರ ಲೆಕ್ಕ ಸರಿಮಾಡಿ, ಆಮೇಲೆ ಹೂವು ಹಿಡಿದು ದೇವಸ್ಥಾನಕ್ಕೆ ಹೋದ. ತೋಟಕ್ಕೆ ರಾತ್ರಿ ಹಂದಿ ಕಾಯುವವರಿಗೆ ಈ ಕಸುಬು ತೀರ ಹೊಸದೆನಿಸದು.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಅವನು ಹೇಳಿದ ಕಥೆಯೊಂದಿದೆ. 2017ರ ಫೆಬ್ರವರಿ 28ರಂದು ಅಮೆಜಾನಿನ ನೌಕರರೊಬ್ಬರು ಬಿಲ್ಲಿನ ವ್ಯವಸ್ಥೆ ಯಾಕೆ ನಿಧಾನವಾಗಿದೆಯೆಂದು ನೋಡುತ್ತಿದ್ದರು. ಕೆಲವೇ ಸರ್ವರುಗಳನ್ನು ತೆಗೆಯಲು ಕೊಟ್ಟ ಆಜ್ಞೆಯಲ್ಲಿ ಒಂದು ಕಡೆ ತಪ್ಪು ಟೈಪಾಯಿತು. ಬೇಕಾದ್ದಕ್ಕಿಂತ ಬಹಳ ಹೆಚ್ಚು ಸರ್ವರುಗಳು ಹೋದವು. ಅಮೇರಿಕದಲ್ಲಿ ಎಷ್ಟೋ ಕಂಪೆನಿಗಳ ವ್ಯವಹಾರ ಸುಮಾರು ನಾಲ್ಕು ಗಂಟೆ ಕಾಲ ಸ್ತಬ್ಧವಾಯಿತು. ಕಂಪೆನಿ ನಡೆದದ್ದನ್ನೆಲ್ಲ ಬಹಿರಂಗವಾಗಿ ಬರೆಯಿತು. ಒಮ್ಮೆಗೇ ಅಷ್ಟು ಸರ್ವರ್ ತೆಗೆಯಲು ಬಾರದಂತೆ ಸಾಧನವನ್ನೇ ತಿದ್ದಿತು. ಮೊನ್ನೆ 2025ರ ಅಕ್ಟೋಬರ್ 20ರಂದು ಮತ್ತೊಮ್ಮೆ, ಯಾವ ಯಂತ್ರ ಯಾವ ವಿಳಾಸದಲ್ಲಿದೆ ಎಂದು ತೋರಿಸುವ ಪಟ್ಟಿಯಲ್ಲಿ ದೋಷ ಬಂದು, ಜಗತ್ತಿನ ಹಲವು ಕಡೆ ಕೆಲಸ ನಿಂತಿತು. ಯಂತ್ರಗಳೆಲ್ಲ ಸರಿಯಿದ್ದವು, ವಿಳಾಸ ಸಿಗಲಿಲ್ಲ ಅಷ್ಟೆ. ಮನೆಯಲ್ಲಿ ಎಲ್ಲರೂ ಇದ್ದು ಅಂಚೆಯವನಿಗೆ ದಾರಿ ತಿಳಿಯದ ಹಾಗೆ.

ಊರು ಬಿಡುವುದು ನಮಗೆ ಹೊಸತಲ್ಲ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಕ್ಕಳು ಕೆಲಸಕ್ಕಾಗಿ ಊರು ಬಿಡುವುದನ್ನು ನಾವು ನಾಲ್ಕು ತಲೆಮಾರಿನಿಂದ ನೋಡುತ್ತಿದ್ದೇವೆ. ಮೊದಲು ಹೋಟೆಲು. ಪಾರಂಪಳ್ಳಿಯ ಮೈಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲೇ ಮುಂದೆ ಎಂ.ಟಿ.ಆರ್. ಆಯಿತು. ಅಂಥವರ ಹಿಂದೆ ಲೋಟ ತೊಳೆಯಲು ಹೋದ ಹುಡುಗರೇ ಮುಂದೆ ಮುಂಬಯಿ, ಮದ್ರಾಸುಗಳಲ್ಲಿ ಮಾಲಿಕರಾದರು. ಆಮೇಲೆ ಬ್ಯಾಂಕು. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದವು. ನಾವು 1991ರಲ್ಲಿ ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಿಂದ ಬಿ.ಎಸ್ಸಿ. ಪದವಿ ಹಿಡಿದು ಹೊರಬಂದಾಗ ನಮ್ಮ ತರಗತಿಯ ಅರ್ಧದಷ್ಟು ಮಂದಿ ಬ್ಯಾಂಕ್ ಪರೀಕ್ಷೆ ಬರೆದವರೇ. ನಾವೂ ಮೂರು ಸಲ ಬರೆದು, ಮೂರು ಸಲವೂ ತೋಟಕ್ಕೇ ಆಯ್ಕೆಯಾದೆವು. ಆಮೇಲೆ ಕೊಲ್ಲಿ ರಾಷ್ಟ್ರಗಳು. ಈಗ ಕಂಪ್ಯೂಟರ್.

ಆ ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಶಾಖೆಗೆ ಹೋಗಿ ಪಾಸ್‌ಬುಕ್ ಬರೆಸುತ್ತಿದ್ದ ಕಾಲ ಹೋಗಿ, ಅಡಿಕೆ ಮಾರಿದ ಹಣ ಫೋನಿನಲ್ಲೇ ಬಂದು ಬೀಳುತ್ತದೆ. ಹಿಂದೆ ಕೌಂಟರಿನ ಹಿಂದೆ ಕೂತಿದ್ದ ನಮ್ಮೂರ ಹುಡುಗನ ಕೆಲಸ ಈಗ ಸರ್ವರಿನ ಹಿಂದೆ ಕೂರುವ ಹುಡುಗ ಹುಡುಗಿಯರಿಗೆ ದಾಟಿದೆ ಎಂದು ನಮಗೆ ಕಾಣುತ್ತದೆ.

ಈ ಕಸುಬಿಗೂ ನಮ್ಮ ಜಿಲ್ಲೆಗೂ ಇರುವ ಒಂದು ನಂಟನ್ನು ಹೇಳದಿರಲಾಗದು. ಮೈಕ್ರೋಸಾಫ್ಟ್ ಕಂಪೆನಿಯ ಮುಖ್ಯಸ್ಥ ಸತ್ಯ ನಾದೆಲ್ಲ ಹೈದರಾಬಾದಿನವರು. ಆದರೆ ಎಂಜಿನಿಯರಿಂಗ್ ಓದಿದ್ದು ಮಣಿಪಾಲದಲ್ಲಿ, 1988ರಲ್ಲಿ ಪದವಿ. ಓದಿದ್ದು ಕಂಪ್ಯೂಟರ್ ಅಲ್ಲ, ಎಲೆಕ್ಟ್ರಿಕಲ್. ಅಮೇರಿಕಕ್ಕೆ ಹೋಗಿ ಕಂಪ್ಯೂಟರ್ ವಿಜ್ಞಾನ ಓದಿ 1992ರಲ್ಲಿ ಆ ಕಂಪೆನಿ ಸೇರಿದರು. 2011ರಿಂದ ಅದರ ಸರ್ವರ್ ಮತ್ತು ಕ್ಲೌಡ್ ವಿಭಾಗ ನೋಡಿಕೊಂಡರು, 2014ರ ಫೆಬ್ರವರಿಯಲ್ಲಿ ಇಡೀ ಕಂಪೆನಿಯ ಹೊಣೆ ಹೊತ್ತರು. ಗೂಗಲ್ ಕ್ಲೌಡಿನ ಮುಖ್ಯಸ್ಥ ಥಾಮಸ್ ಕುರಿಯನ್ ಕೇರಳ ಮೂಲದವರು, ಶಾಲೆ ಓದಿದ್ದು ಬೆಂಗಳೂರಿನಲ್ಲಿ. ಊರಿನಲ್ಲಿಯೇ ಇದ್ದು ಮಾಡಿದವರೂ ಇದ್ದಾರೆ. ರೋಹಿತ್ ಭಟ್ ಅವರು 1996ರಲ್ಲಿ ಉಡುಪಿಯಲ್ಲೇ ರೋಬೋಸಾಫ್ಟ್ ಎಂಬ ತಂತ್ರಾಂಶ ಕಂಪೆನಿ ಕಟ್ಟಿದರು. ನಮ್ಮ ಮಕ್ಕಳಿಗೆ ನಾದೆಲ್ಲರ ಕುರ್ಚಿಗಿಂತ ಇದು ಹತ್ತಿರದ ಮಾದರಿ.

ಕಲಿಯಬೇಕಾದ್ದು, ಕೊಡಬೇಕಾದ್ದು

ಕರಪತ್ರದಲ್ಲಿ ಮೂರು ಲಕ್ಷಕ್ಕೆ ಏನೇನು ಕಲಿಸುತ್ತಾರೆಂದು ಪಟ್ಟಿ ಇತ್ತು. ಅದನ್ನು ಆ ಹುಡುಗನಿಗೆ ಕಳುಹಿಸಿದೆವು. ಅವನ ಉತ್ತರದ ಸಾರ ಇಷ್ಟು. ಮೊದಲು ಬೇಕಾದ್ದು ಲಿನಕ್ಸ್. ಬಹುಪಾಲು ಸರ್ವರುಗಳು ನಡೆಯುವುದು ಅದರಲ್ಲಿ, ಮತ್ತು ಅದು ಪುಕ್ಕಟೆ. ಹಳೆಯ ಕಂಪ್ಯೂಟರಿಗೂ ಹಾಕಿಕೊಂಡು ಕಲಿಯಬಹುದು. ಎರಡನೆಯದು ನೆಟ್‌ವರ್ಕ್, ಎಂದರೆ ಮಾಹಿತಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ, ವಿಳಾಸ ಹೇಗೆ ಸಿಗುತ್ತದೆ, ಎಲ್ಲಿ ತಡೆಯುತ್ತದೆ ಎಂಬುದು. ತೋಟಕ್ಕೆ ಬಸಿಗಾಲುವೆ ತೆಗೆದವರಿಗೆ ಇದರ ತರ್ಕ ಬೇಗ ಹಿಡಿಯುತ್ತದೆ: ನೀರು ನಿಂತಲ್ಲಿ ಅಗೆಯುವುದಲ್ಲ, ಎಲ್ಲಿ ಕಟ್ಟಿದೆ ಎಂದು ಹುಡುಕಿಕೊಂಡು ಕೆಳಗೆ ಹೋಗುವುದು. ಮೂರನೆಯದು ಪೈಥಾನಿನಂಥ ಒಂದು ಪ್ರೋಗ್ರಾಂ ಭಾಷೆ. ಈ ಮೂರೂ ಗಟ್ಟಿಯಾದ ಮೇಲೆ ಅಮೆಜಾನ್, ಅಜೂರ್, ಗೂಗಲ್ ಇವುಗಳಲ್ಲಿ ಯಾವುದಾದರೂ ಒಂದು. ಒಂದು ಬಂದರೆ ಇನ್ನೊಂದು ಕಷ್ಟವಲ್ಲ.

ಇದಕ್ಕೆಲ್ಲ ಎಷ್ಟು ಖರ್ಚು? ಐ.ಐ.ಟಿ.ಗಳ ಅಧ್ಯಾಪಕರ ಪಾಠಗಳನ್ನು ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯಡಿ ಪುಕ್ಕಟೆಯಾಗಿ ಕೇಳಬಹುದು. ಖರಗ್‌ಪುರದ ಐ.ಐ.ಟಿ.ಯವರ ಕ್ಲೌಡ್ ಕಂಪ್ಯೂಟಿಂಗ್ ಪಾಠವೂ ಅದರಲ್ಲಿದೆ. ಅಮೆಜಾನಿನ ಆರಂಭದ ಪರೀಕ್ಷೆಗೆ ಶುಲ್ಕ 100 ಡಾಲರು, ನಮ್ಮ ಹಣದಲ್ಲಿ ಎಂಟೊಂಬತ್ತು ಸಾವಿರ, ಮೇಲೆ ತೆರಿಗೆ. 65 ಪ್ರಶ್ನೆ, 90 ನಿಮಿಷ, ಸಾವಿರಕ್ಕೆ 700 ಅಂಕ ಬಂದರೆ ಉತ್ತೀರ್ಣ. ಅದರ ಮೇಲಿನ ಹಂತದ ಪರೀಕ್ಷೆಗೆ 150 ಡಾಲರು. ಪ್ರಮಾಣಪತ್ರದ ಆಯುಷ್ಯ ಮೂರು ವರ್ಷ, ಆಮೇಲೆ ಮತ್ತೆ ಬರೆಯಬೇಕು. ಅಡಿಕೆ ಸಸಿ ಫಲ ಕೊಡುವ ಮೊದಲೇ ಈ ಪತ್ರ ಹಳತಾಗುತ್ತದೆ ಎಂಬುದನ್ನು ಹೆತ್ತವರು ನೆನಪಿಡಬೇಕು. ಇದು ಒಂದು ಸಲ ಓದಿ ಮುಗಿಸುವ ವಿದ್ಯೆಯಲ್ಲ.

ಅಭ್ಯಾಸಕ್ಕೆ ಹೊಸಬರಿಗೆ ಈ ಕಂಪೆನಿಗಳು ಕೆಲವು ತಿಂಗಳು ಒಂದು ಮಿತಿಯೊಳಗೆ ಪುಕ್ಕಟೆ ಬಳಕೆ ಕೊಡುತ್ತವೆ. ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮ ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ಸರಕಾರ ಬಿಲ್ಲು ಹಾಕುವುದಿಲ್ಲ, ಹಾಗಾಗಿ ಮರೆತು ಬಿಟ್ಟು ಮಲಗುವ ಅಭ್ಯಾಸ ನಮಗಿದೆ. ಅಲ್ಲಿ ಮರೆತರೆ ಗಂಟೆಗಂಟೆಗೂ ಹಣ. ಕಲಿಯುತ್ತಿದ್ದ ಮಕ್ಕಳು ಯಂತ್ರ ಆರಿಸಲು ಮರೆತು, ತಿಂಗಳ ಕೊನೆಗೆ ಬಿಲ್ಲು ನೋಡಿ ಹೌಹಾರಿದ್ದುಂಟಂತೆ.

ಇಂಗ್ಲಿಷಿನ ತೊಡಕು ದೊಡ್ಡದು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲೇ ಇವೆ. ಆ ಹುಡುಗ ಮೊದಲ ವರ್ಷ ದಿನಕ್ಕೆ ಎರಡು ಪುಟ ಕೈಪಿಡಿ ಓದಿ, ತಿಳಿಯದ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕನ್ನಡದಲ್ಲಿ ಅರ್ಥ ಮಾಡಿಕೊಂಡು ಮುಂದೆ ಹೋದನಂತೆ. ಈಗ ಅವನ ಬಳಿ ಅಂಥ ಏಳು ನೋಟ್‌ಬುಕ್ಕುಗಳಿವೆ. ಅವುಗಳನ್ನು ಸಂಘದ ವಾಚನಾಲಯಕ್ಕೆ ಕೊಡು ಎಂದು ನಾವು ಕೇಳಿದ್ದೇವೆ.

ಕೆಲಸದ ಭದ್ರತೆಯ ಮಾತು. ಕರಪತ್ರದಲ್ಲಿ ಅದರ ಬಗ್ಗೆ ಒಂದಕ್ಷರವೂ ಇಲ್ಲದ್ದರಿಂದ ನಾವು ಹೇಳಬೇಕಾಗಿದೆ. ದೇಶದ ಅತಿ ದೊಡ್ಡ ತಂತ್ರಾಂಶ ಕಂಪೆನಿಯಾದ ಟಿ.ಸಿ.ಎಸ್. 2025ರ ಜುಲೈಯಲ್ಲಿ ತನ್ನ ನೌಕರರಲ್ಲಿ ಶೇಕಡಾ ಎರಡರಷ್ಟು, ಎಂದರೆ ಸುಮಾರು ಹನ್ನೆರಡು ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಮೈಕ್ರೋಸಾಫ್ಟ್, ಅಮೆಜಾನ್ ಕಂಪೆನಿಗಳೂ ಅದೇ ವರ್ಷ ಸಾವಿರಾರು ಮಂದಿಯನ್ನು ಮನೆಗೆ ಕಳುಹಿಸಿದವು. ಕೃತಕ ಬುದ್ಧಿಮತ್ತೆ ಎಂಬುದು ಬಂದು ಆರಂಭದ ಸಣ್ಣಪುಟ್ಟ ಕೆಲಸಗಳನ್ನು ತಾನೇ ಮಾಡತೊಡಗಿದೆ. ಅದನ್ನು ನಡೆಸಲು ಇನ್ನಷ್ಟು ಡೇಟಾ ಸೆಂಟರ್ ಬೇಕಾಗಿರುವುದೂ ನಿಜ. ಹಾಗಾಗಿ ಕಸುಬು ಉಳಿದೀತು, ಆದರೆ ಅರೆಬರೆ ಕಲಿತವರಿಗೆ ಬಾಗಿಲು ಕಿರಿದಾಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಬೆಲೆ ಏರಿದಾಗ ಗದ್ದೆಗೂ ಅಡಿಕೆ ಇಟ್ಟು, ಇಳಿದಾಗ ಹಣೆ ಚಚ್ಚಿಕೊಂಡ ಅನುಭವ ಇರುವ ನಾವು ಇನ್ನೊಂದು ಬೆಳೆಯ ಬೆಲೆ ನೋಡುವಾಗಲೂ ಅದೇ ಕಣ್ಣಿನಲ್ಲಿ ನೋಡಬೇಡವೇ?

ಅರ್ಜಿ ಏನಾಯಿತು?

ಒಂಬತ್ತನೆಯ ದಿನ ಅಪ್ಪ, ಮಗಳು ಇಬ್ಬರೂ ಬಂದರು. ತರಬೇತಿ ಸಂಸ್ಥೆಯವರ ಒಪ್ಪಂದ ಪತ್ರವನ್ನು ತರಿಸಿ ನಾವು ಮೂವರೂ ಕೂತು ಓದಿದೆವು. ಕರಪತ್ರದ ಮುಖದಲ್ಲಿ 'ಖಾತ್ರಿ' ಎಂದಿದ್ದ ಮಾತು ಒಳಗಿನ ಸಣ್ಣ ಅಕ್ಷರಗಳಲ್ಲಿ 'ಉದ್ಯೋಗ ಹುಡುಕಲು ನೆರವು' ಎಂದಾಗಿತ್ತು. ಕಟ್ಟಿದ ಶುಲ್ಕ ಯಾವ ಕಾರಣಕ್ಕೂ ಮರಳದು ಎಂಬ ಸಾಲು ಅದರ ಕೆಳಗೇ ಇತ್ತು. ತೋಟ ಅಡವಿಟ್ಟುಕೊಳ್ಳಲು ಸಂಘಕ್ಕೆ ಅಡ್ಡಿಯಿರಲಿಲ್ಲ. ಸಾಲ ಕೊಟ್ಟಿದ್ದರೆ ಬಡ್ಡಿಯೂ ಬರುತ್ತಿತ್ತು. ಆದರೆ ತೀರಿಸುವ ಶಕ್ತಿ ಆ ಒಂದು ಎಕರೆ ಇಪ್ಪತ್ತು ಸೆಂಟ್ಸಿನ ತೋಟಕ್ಕಿಲ್ಲ ಎಂಬುದನ್ನು ನಮ್ಮ ಪುಸ್ತಕವೇ ಹೇಳುತ್ತಿತ್ತು. ಎರಡು ವರ್ಷದ ಕೊಳೆರೋಗ ಮರದ ಮೇಲಿನ ಅರ್ಧ ಬೆಳೆ ತಿಂದಿತ್ತು.

ಅದುವರೆಗೂ ಸುಮ್ಮನಿದ್ದ ಹುಡುಗಿ ಆಗ ಬಾಯಿಬಿಟ್ಟಳು. "ಅಪ್ಪಯ್ಯ, ನಾನ್ ಮನೆಯಲ್ಲೇ ಕಲಿತೆ. ಒಂದ್ ಕಂಪ್ಯೂಟರ್ ತೆಗ್ಸಿ ಕೊಡಿ ಸಾಕ್. ತೋಟ ಇಟ್ಟ್ ಹೋದ್ರೆ ನಂಗೆ ಅಲ್ಲಿ ನಿದ್ರೆ ಬತ್ತಿಲ್ಲ." ಅಪ್ಪ ಕರಪತ್ರವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡರು, ಏನೂ ಹೇಳಲಿಲ್ಲ. ಸಂಘದ ಗೋದಾಮಿನಲ್ಲಿದ್ದ ಅವರ ಚಾಲಿ ಅಡಿಕೆಯ ಮೇಲೆ ನಲವತ್ತು ಸಾವಿರ ರೂಪಾಯಿ ಕೊಟ್ಟೆವು.

ಅವರ ಮನೆ ಇರುವುದು ಘಟ್ಟದ ಬುಡಕ್ಕೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ವಿದ್ಯುತ್ತೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಆದುದರಿಂದ ಸಂಘದ ಮಾಳಿಗೆಯ ಕೋಣೆ ತೆರೆದುಕೊಟ್ಟೆವು. ಹುಡುಗಿ ಬೆಳಗ್ಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಆ ಸದಸ್ಯರ ಮಗ ಆದಿತ್ಯವಾರ ಸಂಜೆ ಬೆಂಗಳೂರಿನಿಂದ ಫೋನಿನಲ್ಲಿ ಪಾಠ ಹೇಳುತ್ತಿದ್ದ. ನವೆಂಬರಿನ ಹೊತ್ತಿಗೆ ನಮ್ಮ ಸಂಘದ ರಾತ್ರಿಯ ಪ್ರತಿ ಸರಿಯಾಗಿ ಹೋಗಿದೆಯೇ ಎಂದು ನೋಡುವ ಕೆಲಸವನ್ನು ಅವಳಿಗೇ ಒಪ್ಪಿಸಿದೆವು. ಹನ್ನೊಂದು ದಿನದಿಂದ ಪ್ರತಿ ಹೋಗಿಯೇ ಇಲ್ಲ ಎಂದು ಮೊದಲ ದಿನವೇ ಕಂಡುಹಿಡಿದಳು! ಪಾಸ್‌ವರ್ಡ್ ಬದಲಿಸಿದ್ದು ನಾವೇ, ಅದನ್ನು ಅಲ್ಲಿ ತಿಳಿಸಲು ಮರೆತವರೂ ನಾವೇ. ಅವಳು ಬಂದಿರದಿದ್ದರೆ ಇನ್ನೊಂದು ಸಿಡಿಲಿನವರೆಗೆ ನಮಗೆ ಗೊತ್ತಾಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಆ 100 ಡಾಲರಿನ ಪರೀಕ್ಷೆಯನ್ನು ಅದೇ ಕೋಣೆಯಲ್ಲಿ ಬರೆದಳು. ಕ್ಯಾಮರಾದ ಮೂಲಕ ಎಲ್ಲಿಂದಲೋ ಒಬ್ಬರು ನೋಡುತ್ತಿರುತ್ತಾರೆ, ಕೋಣೆಗೆ ಬೇರೆ ಯಾರೂ ಕಾಲಿಡಬಾರದು, ಸದ್ದು ಕೇಳಬಾರದು. ಅಂದು ಕೆಳಗೆ ಅಡಿಕೆ ತೂಕ ನಡೆಯುವ ದಿನ. ತೊಂಬತ್ತು ನಿಮಿಷ ತೂಕ ನಿಲ್ಲಿಸಿದೆವು. ಕಾದ ಸದಸ್ಯರು ಗೊಣಗಲಿಲ್ಲ, ಮೂಟೆಗಳ ಮೇಲೆ ಕೂತು ಪಿಸುಮಾತಿನಲ್ಲೇ ಧಾರಣೆ ಮಾತಾಡಿದರು. ನಾವು ಮೆಟ್ಟಿಲ ಬುಡದಲ್ಲಿ ಕಾವಲು. ಇಳಿದು ಬಂದವಳು "ಆಯ್ತ್" ಎಂದಳು ಅಷ್ಟೆ. ಉತ್ತೀರ್ಣಳಾಗಿದ್ದಳು.

ಕ್ಲೌಡ್ ಎಂಜಿನಿಯರ್ ಕೆಲಸ ಅವಳಿಗೆ ಇನ್ನೂ ಸಿಕ್ಕಿಲ್ಲ. ಹತ್ತೊಂಬತ್ತು ಕಡೆ ಅರ್ಜಿ ಹಾಕಿ, ಸಂಕ್ರಾಂತಿ ಕಳೆದ ಮೇಲೆ ಮಂಗಳೂರಿನ ಒಂದು ಕಂಪೆನಿಯಲ್ಲಿ ಗಿರಾಕಿಗಳ ದೂರು ಕೇಳಿ ಸರ್ವರ್ ವಿಭಾಗಕ್ಕೆ ದಾಟಿಸುವ ಕೆಲಸಕ್ಕೆ ಸೇರಿದ್ದಾಳೆ. ರಾತ್ರಿ ಪಾಳಿ, ಸಂಬಳ ಸಾಧಾರಣ. ಮೇಲಿನ ಹಂತದ ಪರೀಕ್ಷೆಗೆ ಓದುತ್ತಿದ್ದಾಳೆ. ಅಪ್ಪ ಮೊನ್ನೆ ಮೈಲುತುತ್ತಿನ ಬೆಲೆ ಕೇಳಲು ಬಂದಿದ್ದರು. ನಲವತ್ತು ಸಾವಿರದ ಮೊದಲ ಕಂತನ್ನು ಮಗಳೇ ಫೋನಿನಲ್ಲಿ ಕಟ್ಟಿದ್ದಾಳೆಂದು ರಶೀದಿ ಬರೆಸಿಕೊಂಡು ಹೋದರು. ಮುಂದೆ ತೋಟ ಯಾರು ನೋಡಿಕೊಳ್ಳುತ್ತಾರೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ದೋಟಿಯಲ್ಲಿ ಕೊನೆ ತೆಗೆಯುವುದನ್ನು ಕಲಿತ ಮೇಲೆ ಮರ ಹತ್ತುವವರಿಗೆ ಕಾಯುವುದು ತಪ್ಪಿದೆ ಎಂದಷ್ಟೇ ಅಂದರು.

ಮಾಳಿಗೆಯ ಕೋಣೆಯನ್ನು ಸದಸ್ಯರ ಮಕ್ಕಳ ಉಪಯೋಗಕ್ಕೆ ಹಾಗೆಯೇ ಮುಂದುವರಿಸಲು ಆಡಳಿತ ಮಂಡಳಿ ಒಪ್ಪಿದೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಆದಿತ್ಯವಾರ ರಜೆ. ಎರಡು ಕಂಪ್ಯೂಟರುಗಳಿವೆ, ಒಂದರಲ್ಲಿ ಲಿನಕ್ಸ್ ಇದೆ. ಹೆಸರು ಬರೆಸಿ ಕೀಲಿಕೈಯನ್ನು ಗುಮಾಸ್ತರಿಂದ ಪಡೆಯಬಹುದು. ಗುಡುಗು ಬಂದೊಡನೆ ತಂತಿ ಕಿತ್ತಿಡಬೇಕು. ಇನ್ನು ಕರಪತ್ರ ಹಿಡಿದು ಸಾಲಕ್ಕೆ ಬರುವವರು ಒಪ್ಪಂದ ಪತ್ರವನ್ನೂ ಜೊತೆಗೆ ತರಬೇಕಾಗಿ ವಿನಂತಿ.